ತುಂಬೆಪಾದಿಯಲ್ಲಿ ಮಡಿದ ನಾಗತ್ತರನವರಿಗೆ, ಖಾತೆಯ ವಿಷಯವಾಗಿ

ಕದನವೀರ ನಾಗತ್ತರನವರ ಸನ್ನಿಧಿಗೆ,

ವೀರರಿಗೆ ಕಾಗದ ಬರೆಯುವವರು ಶೌರ್ಯ ಕೊಂಡಾಡಲು ಬರೆಯುತ್ತಾರೆ. ನಾನು ಬರೆಯುತ್ತಿರುವುದು ಸೈಟಿನ ವಿಚಾರಕ್ಕೆ, ಮನ್ನಿಸಬೇಕು.

ಕೆಂಗೇರಿಯಲ್ಲಿ ನೇರಳೆ ಮೆಟ್ರೋ ಹತ್ತಿ ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ದೂರವಿಲ್ಲ. ಬೇಗೂರಿನಿಂದ ತಂದ ತಮ್ಮ ವೀರಗಲ್ಲು ಸೇರಿರುವುದು ಅಲ್ಲಿಗೇ. ಬೇರೆ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ಅಪ್ಸರೆಯರ ಜೊತೆ ಪ್ರಯಾಣ, ಮೇಲೆ ಲಿಂಗದೆದುರು ಕುಳಿತ ವೀರ. ತಮ್ಮ ಕಲ್ಲಿನ ಬಹುಪಾಲನ್ನು ಕಾಳಗವೇ ನುಂಗಿದೆ. ಆನೆ, ಕತ್ತಿ ಹಿರಿದ ರಾವುತ, ಸಂದಿಸಂದಿಯಲ್ಲಿ ಬಿಲ್ಲು, ಗುರಾಣಿ, ಕಾಲಡಿಯಲ್ಲಿ ಬಿದ್ದವರು. ಸಂಜೆ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವವರಿಗೆ ಈ ನೋಟ ಹೊಸದೇನಲ್ಲ.

ನನ್ನ ಕಣ್ಣು ನೆಟ್ಟಿದ್ದು ಅದೇ ಕಲ್ಲಿನ ಹಳಗನ್ನಡ ಬರಹದ ಮೇಲೆ. ವೀರಮಹೇಂದ್ರನ ಮೇಲೆ ಕಾದಲು ಅಯ್ಯಪದೇವನ ನೆರವಿಗೆ ಗಂಗರ ಎರೆಯಪ್ಪ ತಮ್ಮನ್ನು ಕಳಿಸಿದ. ತುಂಬೆಪಾದಿಯ ಕಾಳಗ ಕೈಮೀರಿದಾಗ ತಾವು ಆನೆಗಳ ನಡುವೆ ನುಗ್ಗಿ ಸತ್ತಿರಿ. ಸುದ್ದಿ ಕೇಳಿ ಮೆಚ್ಚಿದ ಅರಸ, ತಮ್ಮ ಸ್ಥಾನಕ್ಕೆ ಬಂದ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಇಂದಿನ ಬೇಗೂರು ಸೀಮೆಯನ್ನು, ಕಲ್ನಾಡಾಗಿ, ಎಂದರೆ ವೀರದತ್ತಿಯಾಗಿ, ಕೊಟ್ಟ. ಹಳ್ಳಿಗಳ ಹೆಸರನ್ನೂ ಕೆತ್ತಿದ್ದಾರೆ. ಲೋಕ ಇದನ್ನು ಯುದ್ಧಶಿಲ್ಪ ಎಂದುಕೊಂಡಿದೆ. ಬಿ ಖಾತೆಯವನ ಕಣ್ಣಿಗೆ ಇದು ಸಚಿತ್ರ ಹಕ್ಕುಪತ್ರ!

ಸ್ವಾಮಿ, ಇರುಗನವರಿಗೆ ಅದು ಹೇಗೆ ಸಾಧ್ಯವಾಯಿತು? ವಂಶವೃಕ್ಷ ಯಾರು ಮಾಡಿಸಿಕೊಟ್ಟರು? ತುಂಬೆಪಾದಿಯಲ್ಲಿ ಸತ್ತದ್ದಕ್ಕೆ ಮರಣ ಪ್ರಮಾಣಪತ್ರ ಎಲ್ಲಿ ಸಿಕ್ಕಿತು? ಸರ್ವರ್ ಡೌನ್ ಆಗಲಿಲ್ಲವೇ? ನನ್ನ ಮೂವತ್ತು ನಲವತ್ತರ ಸೈಟಿಗೆ ಎ ಖಾತೆ ಮಾಡಿಸಲು ಮೂಲಪತ್ರ, ಪಹಣಿ, ಇಸಿ, ಕಂದಾಯ ರಸೀದಿ ಎಲ್ಲ ಕೊಟ್ಟಾಯಿತು. ‘ಇನ್ನೊಂದು ಜೆರಾಕ್ಸ್ ತನ್ನಿ’ ಎಂಬಲ್ಲಿಗೆ ಕಡತ ನಿಂತಿದೆ. ಕಚೇರಿಯ ಹೆಸರು ಹೇಳುವುದಿಲ್ಲ, ಸೋಮವಾರ ಮತ್ತೆ ಹೋಗಬೇಕಿದೆ.

ಆದ್ದರಿಂದ ತಮ್ಮ ಶಿಲ್ಪಿಯನ್ನು ಒಂದು ದಿನದ ಮಟ್ಟಿಗೆ ಕಳಿಸಿಕೊಡಿ. ಚೆಕ್ಕುಬಂದಿ ನಾನೇ ಹೇಳುತ್ತೇನೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದವರ ಸಂಪು, ಉತ್ತರಕ್ಕೆ ಖಾಲಿ ಸೈಟು, ದಕ್ಷಿಣಕ್ಕೆ ರಾಜಕಾಲುವೆ. ಕಲ್ಲಿಗೆ ಮೂರು ಅಂತಸ್ತಿರಲಿ. ಕೆಳಗೆ ಟೋಕನ್ ಹಿಡಿದು ಕೌಂಟರಿಗೆ ಮುಗಿಬಿದ್ದ ನಾವು, ಮೇಲೆ ಸಾಹೇಬರು. ನಡುವೆ ಅಪ್ಸರೆಯರು ಬೇಡ, ಬ್ರೋಕರನ್ನು ಕೆತ್ತಲಿ. ಆ ಕಟ್ಟಡದಲ್ಲಿ ನಮ್ಮಂಥವರನ್ನು ಮೇಲಕ್ಕೆ ಕರೆದೊಯ್ಯುವವನು ಅವನೊಬ್ಬನೇ.

ಇಂತಿ,
ಕೆಂಗೇರಿಯ ಒಬ್ಬ ಬಿ ಖಾತೆದಾರ