ಸಹಜವಾಗಿರಲು ತಾಲೀಮು

ಮಹಾರಾಷ್ಟ್ರದಲ್ಲಿ ಹತ್ತನೇ ತರಗತಿ ಮುಗಿಸಿ ಸೇನಾಧಿಕಾರಿಯಾಗಲು ಹೊರಡುವ ಹುಡುಗ ಮೊದಲು ಎದುರಿಸುವ ಸಂದರ್ಶನ ಸೇನೆಯದಲ್ಲ, ರಾಜ್ಯ ಸರ್ಕಾರದ್ದು. ಛತ್ರಪತಿ ಸಂಭಾಜಿನಗರದಲ್ಲಿರುವ ಸೈನಿಕ ಸೇವಾ ಪೂರ್ವಶಿಕ್ಷಣ ಸಂಸ್ಥೆ, ಎಲ್ಲರ ಬಾಯಲ್ಲಿ ‘ಎಸ್‌ಪಿಐ’, 1977ರಲ್ಲಿ ಶುರುವಾಯಿತು. ಸೇನೆಯ ಅಧಿಕಾರಿವರ್ಗದಲ್ಲಿ ತಮ್ಮ ನಾಡಿನವರು ಸಾಲದು ಎಂಬ ಮಹಾರಾಷ್ಟ್ರದ ಕೊರಗೇ ಅದರ ಹುಟ್ಟಿಗೆ ಕಾರಣ. ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಉಳಿದವರಿಗೆ ಸಂದರ್ಶನ. ಕೊನೆಗೆ ಉಳಿಯುವ 60 ಹುಡುಗರಿಗೆ ಹನ್ನೊಂದು-ಹನ್ನೆರಡನೇ ತರಗತಿಯ ಓದಿನ ಜೊತೆಗೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶಕ್ಕೆ ಎರಡು ವರ್ಷದ ತಯಾರಿ.

ಹುಡುಗಿಯರಿಗಾಗಿ ಇಂಥದೇ ಸಂಸ್ಥೆ ನಾಶಿಕದಲ್ಲಿ ತೆರೆದದ್ದು 2023ರಲ್ಲಿ. ಅದಕ್ಕೆ ದಾರಿಯಾದದ್ದು 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ: ಎನ್‌ಡಿಎ ಪರೀಕ್ಷೆಯನ್ನು ಹುಡುಗಿಯರೂ ಬರೆಯಬಹುದು. ಆ ವರ್ಷದ ನವೆಂಬರಿನಲ್ಲೇ ಅವರು ಬರೆದರು. 2025ರ ಮೇ ತಿಂಗಳಲ್ಲಿ 17 ಯುವತಿಯರ ಮೊದಲ ತಂಡ ಖಡಕ್ವಾಸ್ಲಾದ ಆ ಅಕಾಡೆಮಿಯಿಂದ ಹೊರಬಿತ್ತು. ಅಲ್ಲಿಯವರೆಗೆ ‘ಹುಡುಗಿಗೆ ಇದೆಲ್ಲ ಯಾಕೆ’ ಎನ್ನುತ್ತಿದ್ದ ಮನೆಗಳಲ್ಲಿ ಈಗ ‘ನೀನ್ಯಾಕೆ ಫಾರ್ಮ್ ತುಂಬಿಲ್ಲ’ ಎಂಬ ಪ್ರಶ್ನೆ ಕೇಳಿಬರುತ್ತದೆ. ಒತ್ತಡದ ಹಂಚಿಕೆಯಲ್ಲಾದರೂ ಸಮಾನತೆ ಬಂದಿದೆ ಎನ್ನಬಹುದು.

ಇದು ಬರೀ ಕವಾಯತಿಗೆ ಸೇರುವ ಮಾತಲ್ಲ, ಕಾಲೇಜು ಪ್ರವೇಶವೂ ಹೌದು. ಎನ್‌ಡಿಎಯಲ್ಲಿ ಮೂರು ವರ್ಷ ಮುಗಿಸಿದವರಿಗೆ ಪದವಿ ಕೊಡುವುದು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ. ಇದನ್ನು ಹೇಳಿದರೆ ಹಳ್ಳಿಕಡೆಯ ಹಿರಿಯರು ಒಮ್ಮೆ ಹುಡುಗನ ಮುಖವನ್ನೂ ಒಮ್ಮೆ ಟೀವಿಯನ್ನೂ ನೋಡಿ ಸುಮ್ಮನಾಗುತ್ತಾರೆ.

ಎಸ್‌ಪಿಐಗೆ ಅರ್ಜಿ ಹಾಕಲು ಮಹಾರಾಷ್ಟ್ರದ ನಿವಾಸಿಯಾಗಿರಬೇಕು; ಮನೆಮಾತು ಯಾವುದಾದರೂ ನಡೆಯುತ್ತದೆ. ಹಾಗಾಗಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳ ಮಕ್ಕಳಿಗೂ ಇದರ ಬಾಗಿಲು ತೆರೆದಿದೆ. ಇಂಥ ಮನೆಯ ಹುಡುಗನ ತಯಾರಿ ಮೂರು ಭಾಷೆಯಲ್ಲಿ ನಡೆಯುತ್ತದೆ. ಓದುವುದು ಇಂಗ್ಲಿಷಿನಲ್ಲಿ, ಜೊತೆಯವರ ಕೂಡ ಚರ್ಚೆ ಮರಾಠಿಯಲ್ಲಿ, ಹೆದರಿಕೆ ಕನ್ನಡದಲ್ಲಿ.

ತಯಾರಿಯ ಮೊದಲ ಹಂತ ವಿಷಯಸಂಗ್ರಹ. ಸಂದರ್ಶಕರು ಹುಡುಗನ ಊರು, ಜಿಲ್ಲೆ, ಅವನು ಬಂದಿಳಿದ ಊರು ಇವುಗಳಿಂದ ಶುರುಮಾಡುತ್ತಾರೆಂಬುದು ತಲೆಮಾರಿನಿಂದ ತಲೆಮಾರಿಗೆ ಬಂದ ನಂಬಿಕೆ, ಬಹಳಷ್ಟು ನಿಜವೂ ಹೌದು. ನಾಶಿಕದ ಹುಡುಗಿ ದ್ರಾಕ್ಷಿ, ನೋಟು ಮುದ್ರಣಾಲಯ, ಹನ್ನೆರಡು ವರ್ಷಕ್ಕೊಮ್ಮೆಯ ಸಿಂಹಸ್ಥ ಕುಂಭಮೇಳ, 1870ರಲ್ಲಿ ತ್ರ್ಯಂಬಕದಲ್ಲಿ ಹುಟ್ಟಿದ ದಾದಾಸಾಹೇಬ್ ಫಾಳ್ಕೆ, ಇಷ್ಟನ್ನು ಪಾಠಮಾಡಿಕೊಳ್ಳುತ್ತಾಳೆ. ಲಾಸಲಗಾಂವದ ಈರುಳ್ಳಿ ಮಾರುಕಟ್ಟೆಯ ಬಗ್ಗೆ ಮಾತ್ರ ಅಪ್ಪನನ್ನು ಕೇಳಬಾರದು. ಅಪ್ಪ ಈರುಳ್ಳಿ ಬೆಳೆಗಾರನಾಗಿದ್ದರೆ ‘ಬೆಲೆ ಯಾಕೆ ಏರಿಳಿಯುತ್ತದೆ’ ಎಂಬ ಪ್ರಶ್ನೆಗೆ ಉತ್ತರ ಊಟದ ಹೊತ್ತು ಮೀರಿದರೂ ಮುಗಿಯುವುದಿಲ್ಲ. ಅದರಲ್ಲಿ ಸಂದರ್ಶನದಲ್ಲಿ ಹೇಳಬಹುದಾದ ಶಬ್ದಗಳೂ ಕಡಿಮೆ.

ಸಂಭಾಜಿನಗರಕ್ಕೆ ಹೋಗುವವನ ಪಟ್ಟಿ ಉದ್ದ. ಹಳೆಯ ಊರಿನ ದರವಾಜೆಗಳು, ಬೀಬೀ ಕಾ ಮಕ್ಬರಾ, 1327ರಲ್ಲಿ ಮಹಮ್ಮದ್ ಬಿನ್ ತುಘಲಕ್ ರಾಜಧಾನಿ ಮಾಡಿದ ದೌಲತಾಬಾದ್, ಅಜಂತಾ, ಎಲ್ಲೋರಾ. ಊರಿಗೆ ಈ ಹೆಸರು ಬಂದದ್ದು 2023ರಲ್ಲಾದ್ದರಿಂದ ಹಳೆಯ ಪ್ರಮಾಣಪತ್ರಗಳಲ್ಲಿ ಔರಂಗಾಬಾದ್ ಎಂದೇ ಇರುತ್ತದೆ. ಹುಡುಗ ಎರಡು ಹೆಸರನ್ನೂ ನಾಲಿಗೆಯ ಮೇಲಿಟ್ಟುಕೊಂಡಿರುತ್ತಾನೆ. ಕೇಳುವವರ ವಯಸ್ಸು ನೋಡಿ ಒಂದನ್ನು ಉದುರಿಸುವುದೆಂದು ಅವನ ಲೆಕ್ಕ.

ಎಲ್ಲೋರಾದ ವಿಷಯಕ್ಕೆ ಬಂದರೆ ಅಕ್ಕಲಕೋಟೆಯ ಮನೆಯಲ್ಲಿ ಸಣ್ಣ ಜಗಳವೇ ಆಗುವುದುಂಟು. ಕೈಲಾಸ ದೇವಾಲಯವನ್ನು ಎಂಟನೇ ಶತಮಾನದಲ್ಲಿ ಕೊರೆಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ.

“ರಾಷ್ಟ್ರಕೂಟರು ನಮ್ಮವರು ಅಂತ ಎದಿ ತಟ್ಟಿ ಹೇಳು,” ಎನ್ನುತ್ತಾನೆ ಕಾಕಾ.

“ಏ, ಹಂಗೆಲ್ಲ ಹೇಳಬ್ಯಾಡೋ ತಮ್ಮಾ, ಕೇಳಾವ್ರು ಸಿಟ್ಟಾದ್ರ?” ಎನ್ನುತ್ತಾಳೆ ಅವ್ವ.

“ಯಾರು ಕೆತ್ತಿದ್ರು ಅಂತಷ್ಟ ಕೇಳ್ತಾರ. ಅಷ್ಟ ಹೇಳು, ಸುಮ್ಮನ ಕುಂದ್ರು,” ಎಂದು ಅಪ್ಪ ತೀರ್ಪು ಕೊಡುತ್ತಾನೆ.

ಹುಡುಗ ಮೂರೂ ಉತ್ತರಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಾನೆ. ಸಂದರ್ಶನದ ದಿನ ಎಲ್ಲೋರಾದ ಮಾತೇ ಬರದಿರುವ ಸಾಧ್ಯತೆ ಹೆಚ್ಚು.

ಎರಡನೆಯ ಹಂತ ಸಂಶಯ. ಹುಡುಗನ ಸ್ವಂತ ಸಂಶಯಗಳು ಎಣಿಸಿದರೆ ನಾಲ್ಕೈದು: ಇಂಗ್ಲಿಷ್ ತಡವರಿಸಿದರೆ? ಗೊತ್ತಿಲ್ಲದ್ದನ್ನು ಕೇಳಿದರೆ? ಕೈ ಎಲ್ಲಿಡಬೇಕು? ಬಾಕಿಯೆಲ್ಲ ನೆಂಟರಿಂದ ಬಂದ ಕಡ. ನೆಂಟರ ಸಂಶಯಕ್ಕೆ ಒಂದು ಗುಣವಿದೆ. ಅದು ಹುಡುಗ ಸೋತಾನೆಂದು ಅಂಜುತ್ತದೆ, ಗೆದ್ದಾನೆಂದೂ ಅಂಜುತ್ತದೆ. “ಸಿಗೂದಿಲ್ಲ ಬಿಡೋ, ಎಷ್ಟು ಮಂದಿ ಬರ್ತಾರ” ಎಂದ ಬಾಯಲ್ಲೇ ಚಹಾ ಮುಗಿಯುವುದರೊಳಗೆ “ಸಿಕ್ಕರ ಬಾರ್ಡರ್‌ಗೆ ಹೋಗಬೇಕಾಗ್ತದಲ್ಲ, ಒಬ್ಬನ ಮಗ” ಎಂದೂ ಬರುತ್ತದೆ. ಇಂಜಿನಿಯರಿಂಗ್ ಯಾಕೆ ಬೇಡ ಎಂಬುದು ಮೂರನೆಯ ಮಾತು. ಅದಿಲ್ಲದೆ ಯಾವ ಭೇಟಿಯೂ ಮುಗಿಯದು.

ಮೂರನೆಯದು ವೇಷ. ಬ್ಲೇಜರ್ ದೊಡ್ಡಪ್ಪನ ಮಗನ ಮದುವೆಯದು, ಹೆಗಲ ಮೇಲೆ ಅರ್ಧ ಗೇಣು ಹೆಚ್ಚು. ಬೆಲ್ಟಿಗೆ ಕಾಯಿಸಿದ ಮೊಳೆಯಿಂದ ಹೊಸ ತೂತು ಹಾಕಲಾಗಿರುತ್ತದೆ. ಉಳಿದ ತುದಿ ಸೊಂಟ ಸುತ್ತಿ ಬೆನ್ನಿನ ಹತ್ತಿರ ಬಂದಿರುತ್ತದೆ. ಶೂ ಮಾತ್ರ ಹೊಸದು, ಆದ್ದರಿಂದ ಕಚ್ಚುತ್ತದೆ. ಹುಡುಗ ಕುಂಟುತ್ತ ಒಳಗೆ ಬಂದರೆ ಅದನ್ನು ಅಧೈರ್ಯವೆಂದು ತಿಳಿಯದಷ್ಟು ಅನುಭವ ಸಂದರ್ಶಕರಿಗೆ ಇರುತ್ತದೆಂದು ಆಶಿಸಬೇಕು. ಈ ಸಾಮಗ್ರಿಯೆಲ್ಲ ಒಂದು ಚೀಲದಲ್ಲಿ ತುಂಬಿಕೊಂಡು ಅಪ್ಪ-ಮಗ ಸೊಲ್ಲಾಪುರದಿಂದ ಧಾರಾಶಿವ, ಬೀಡ ಹಾದು ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಕೆಂಪು ಎಸ್‌ಟಿ ಬಸ್ಸಿನಲ್ಲಿ ಉತ್ತರಕ್ಕೆ ಹೊರಡುತ್ತಾರೆ. ದಾರಿಯುದ್ದಕ್ಕೂ ಅಪ್ಪ ಒಂದೇ ಸಲಹೆ ಕೊಡುತ್ತಾನೆ: “ಟೆನ್ಶನ್ ತಗೋಬ್ಯಾಡ.” ಬೀಡ ಬರುವ ಹೊತ್ತಿಗೆ ಹುಡುಗನಿಗೆ ಟೆನ್ಶನ್ ಪೂರ್ತಿ ಹತ್ತಿರುತ್ತದೆ.

ಇನ್ನು ಮುಖ್ಯ ಪ್ರಶ್ನೆ, ‘ಸೇನೆಗೆ ಯಾಕೆ ಸೇರಬೇಕು?’ ಇದಕ್ಕೆ ಹುಡುಗನ ಹತ್ತಿರ ನಿಜವಾದ ಉತ್ತರವೊಂದು ಇದ್ದೇ ಇರುತ್ತದೆ: ಜನವರಿ 26ರ ಪಥಸಂಚಲನ ಟೀವಿಯಲ್ಲಿ ನೋಡಿದ್ದು, ರಜೆಯಲ್ಲಿ ಬಂದ ಊರಿನ ಹವಾಲ್ದಾರರ ಟ್ರಂಕಿನ ಮೇಲಿನ ಬಿಳಿ ಅಕ್ಷರ ಕಂಡು ಆಸೆಯಾದದ್ದು. ತರಬೇತಿಯ ಮೊದಲ ಕೆಲಸ ಇದನ್ನು ಅಳಿಸಿಹಾಕುವುದು. ಅದರ ಜಾಗದಲ್ಲಿ ‘ದೇಶಸೇವೆ, ಶಿಸ್ತು, ಸಾಹಸಮಯ ಜೀವನ’ ಎಂಬ ಮೂರು ಪದಗಳನ್ನು ನೆಡಲಾಗುತ್ತದೆ. ಎಲ್ಲರಿಗೂ ಅದೇ ಮೂರು ಪದ. ದಿನಕ್ಕೆ ಹತ್ತಾರು ಬಾರಿ ಇದನ್ನು ಕೇಳಿಸಿಕೊಳ್ಳುವ ಅಧಿಕಾರಿ ಮುಂದಿನ ಪ್ರಶ್ನೆಯಲ್ಲಿ ಹುಡುಕುವುದು ಆ ಅಳಿಸಿಹೋದ ಟ್ರಂಕನ್ನೇ. ಕಲಿಸುವವರು ಮುಚ್ಚಿದ್ದನ್ನು ಕೇಳುವವರು ಬಿಚ್ಚಬೇಕು. ಎರಡು ಕೆಲಸಕ್ಕೂ ಸಂಬಳವಿದೆ, ಹುಡುಗನಿಗೆ ಮಾತ್ರ ಬೆವರು.

ಹವ್ಯಾಸದ ಕಾಲಂ ಇನ್ನೊಂದು ಗಂಡಾಂತರ. ‘ಓದು’ ಎಂದು ಬರೆದವನಿಗೆ ‘ಕಡೆಯದಾಗಿ ಓದಿದ್ದು ಯಾವುದು?’ ಎಂಬ ಪ್ರಶ್ನೆ ಕಾದಿರುತ್ತದೆ. ಬಹುತೇಕ ಉತ್ತರ ಅಬ್ದುಲ್ ಕಲಾಂ ಅವರ ‘ವಿಂಗ್ಸ್ ಆಫ್ ಫೈರ್’. ಅದನ್ನು ನಿಜಕ್ಕೂ ಓದಿದ್ದರೆ ಒಂದು ಸಮಾಧಾನವೂ ಸಿಗುತ್ತದೆ. ಕಲಾಂ ವಾಯುಸೇನೆಯ ಆಯ್ಕೆಗೆಂದು ಡೆಹರಾಡೂನಿಗೆ ಹೋಗಿದ್ದರು. ಬಂದವರು 25, ಬೇಕಾದವರು 8, ಕಲಾಂ ಅವರಿಗೆ ಬಂದದ್ದು ಒಂಬತ್ತನೇ ಸ್ಥಾನ. ಅವರು 2002ರಲ್ಲಿ ಮೂರೂ ಸೇನೆಗಳ ಸರ್ವೋಚ್ಚ ದಂಡನಾಯಕರೆನಿಸುವ ರಾಷ್ಟ್ರಪತಿ ಹುದ್ದೆಗೆ ಬಂದರು. 2006ರಲ್ಲಿ ಪುಣೆಯಿಂದ ಸುಖೋಯ್ ವಿಮಾನದಲ್ಲಿ ಹಾರಿಯೂ ಬಂದರು. ಈ ಕಥೆಯನ್ನು ಆಯ್ಕೆಯಾಗದೆ ಮರಳಿದ ಮಗನಿಗೆ ಹೇಳದ ಅಪ್ಪನಿಲ್ಲ. ಎಂಟನೇ ಸ್ಥಾನದವರು ಮುಂದೆ ಏನಾದರೆಂದು ಕೇಳುವ ಮಗನೂ ಇಲ್ಲ.

ಎಸ್‌ಪಿಐ ಸಂದರ್ಶನ ದಾಟಿ, ಎರಡು ವರ್ಷ ನಸುಕಿನ ಓಟ ಓಡಿ, ಎನ್‌ಡಿಎಯ 900 ಅಂಕದ ಲಿಖಿತ ಪರೀಕ್ಷೆಯಲ್ಲೂ ಉಳಿದವನಿಗೆ ನಿಜವಾದ ಸಂದರ್ಶನ ಆಗ ಎದುರಾಗುತ್ತದೆ. ಅದರ ಹೆಸರು ಎಸ್‌ಎಸ್‌ಬಿ, ಅಂದರೆ ಸೇನೆಯ ಆಯ್ಕೆ ಮಂಡಳಿ. ಅದಕ್ಕೂ 900 ಅಂಕ, ಐದು ದಿನ. ಬೆಂಗಳೂರು, ಭೋಪಾಲ, ಪ್ರಯಾಗರಾಜ್ ಮುಂತಾದೆಡೆ ಇದರ ಕೇಂದ್ರಗಳಿವೆ; ವಾಯುಸೇನೆಯದೊಂದು ಮೈಸೂರಿನಲ್ಲಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ, ಮನೆತನ ಮತ್ತು ಶಾಲೆ ನೋಡಿ ಅಧಿಕಾರಿಗಳನ್ನು ಆರಿಸುವ ಹಳೆಯ ಪದ್ಧತಿ ಸಾಲದೆಂದು ಬ್ರಿಟಿಷರು 1942ರಲ್ಲಿ ಮನಶ್ಶಾಸ್ತ್ರಜ್ಞರನ್ನು ಕೂಡಿಸಿಕೊಂಡು ಹೊಸ ಮಂಡಳಿ ಮಾಡಿದರು. ಮರುವರ್ಷ ಡೆಹರಾಡೂನಿನಲ್ಲಿ ಅದರ ಭಾರತೀಯ ಪ್ರಯೋಗ ನಡೆಯಿತು. ಇಂದಿಗೂ ಮೂವರು ಬೇರೆಬೇರೆಯಾಗಿ ಅಳೆಯುತ್ತಾರೆ. ಮನಶ್ಶಾಸ್ತ್ರಜ್ಞರಿಗೆ ಮನಸ್ಸು, ಸಂದರ್ಶನಾಧಿಕಾರಿಗೆ ಮಾತು, ಮೈದಾನದ ಅಧಿಕಾರಿಗೆ ಕೃತಿ. ಹುಡುಗನ ಮನಸಾ ವಾಚಾ ಕರ್ಮಣಾ ಮೂರೂ ಹೊಂದುತ್ತವೆಯೇ ಎಂದು ಕೊನೆಗೆ ತಾಳೆ ನೋಡುತ್ತಾರೆ. ಹೊಂದಿಸಬೇಕಾದ ಗುಣಗಳು 15. ಮದುವೆಗೆ ಜಾತಕ ನೋಡುವವರು ಈ ಭಾಗವನ್ನು ಆಸಕ್ತಿಯಿಂದ ಕೇಳುತ್ತಾರೆ.

ಮನಸ್ಸಿನ ಪರೀಕ್ಷೆ ಮಬ್ಬು ಚಿತ್ರದಿಂದ ಆರಂಭ. ಚಿತ್ರವನ್ನು 30 ಸೆಕೆಂಡು ತೋರಿಸಿ ಕಥೆ ಬರೆಯಿಸುತ್ತಾರೆ. ಮರುದಿನ ಅಂಥ 11 ಚಿತ್ರ, ಹನ್ನೆರಡನೆಯದು ಬಿಳಿ ಹಾಳೆ. ಒಂದೊಂದಕ್ಕೆ ನಾಲ್ಕು ನಿಮಿಷ. ಅಭ್ಯಾಸವಾದ ಕೈಯಲ್ಲಿ ಈ ಕಥೆಗಳ ಗತಿ ನಿಶ್ಚಿತ. ಚಿತ್ರದಲ್ಲಿ ನೀರು ಕಂಡರೆ ಯಾರಾದರೂ ಮುಳುಗಲೇಬೇಕು, ನಾಯಕ ಹಾರಲೇಬೇಕು. ಹೊಗೆ ಕಂಡರೆ ಬೆಂಕಿ, ಮರ ಕಂಡರೆ ವನಮಹೋತ್ಸವ, ಇಬ್ಬರು ಮಾತಾಡುತ್ತಿದ್ದರೆ ರಕ್ತದಾನ ಶಿಬಿರ. ನಾಶಿಕದ ಗೋದಾವರಿಯಲ್ಲಿ ಈ ತನಕ ಕಾಗದದ ಮೇಲೆ ಮುಳುಗಿದವರೆಲ್ಲ ನಿಜಕ್ಕೂ ಮುಳುಗಿದ್ದರೆ ಊರು ಖಾಲಿಯಾಗುತ್ತಿತ್ತು. ಬಿಳಿ ಹಾಳೆಯೆದುರು ಮಾತ್ರ ಪೆನ್ನು ನಿಲ್ಲುತ್ತದೆ. ಅಲ್ಲಿ ಮುಳುಗಿಸಲು ನೀರೂ ಇಲ್ಲ.

ಆಮೇಲೆ 60 ಪದಗಳು, ಒಂದೊಂದಕ್ಕೆ 15 ಸೆಕೆಂಡು. ‘ಭಯ’ ಎಂಬ ಪದ ಬಂದರೆ ಮನಸ್ಸಿಗೆ ಮೊದಲು ಬರುವ ವಾಕ್ಯ ಬರೆಯಬೇಕು. ಮೊದಲು ಬಂದದ್ದು ಗಣಿತದ ಮೇಷ್ಟ್ರು. ಬರೆಯುವುದು ‘ಧೈರ್ಯವಂತರು ಭಯವನ್ನು ಗೆಲ್ಲುತ್ತಾರೆ’. ಬಳಿಕ 30 ನಿಮಿಷದಲ್ಲಿ 60 ಸಂದರ್ಭಗಳು. ‘ನೀವು ರೈಲಿನಲ್ಲಿ ಸಂದರ್ಶನಕ್ಕೆ ಹೋಗುತ್ತಿದ್ದೀರಿ, ಡಬ್ಬಿಗೆ ಕಳ್ಳರು ನುಗ್ಗಿದರು…’ ಎಂಬಂಥವು. ಹುಡುಗ ಸಹಪ್ರಯಾಣಿಕರನ್ನು ಒಗ್ಗೂಡಿಸುತ್ತಾನೆ, ಕಳ್ಳರನ್ನು ಕಟ್ಟಿಹಾಕುತ್ತಾನೆ, ಮನಮಾಡ ಜಂಕ್ಷನ್ನಿನಲ್ಲಿ ಪೊಲೀಸರಿಗೆ ಒಪ್ಪಿಸುತ್ತಾನೆ, ಗಾಯಗೊಂಡವರಿಗೆ ಪ್ರಥಮ ಚಿಕಿತ್ಸೆ ಕೊಡುತ್ತಾನೆ, ಸಂದರ್ಶನಕ್ಕೂ ಸರಿಯಾದ ಸಮಯಕ್ಕೆ ಮುಟ್ಟುತ್ತಾನೆ. ಎಲ್ಲ ಅರ್ಧ ನಿಮಿಷದಲ್ಲಿ. ಇದೇ ಹುಡುಗ ಮೊನ್ನೆ ಅದೇ ಮನಮಾಡದಲ್ಲಿ ಯಾವ ಪ್ಲಾಟ್‌ಫಾರ್ಮ್ ಎಂದು ಪೋರ್ಟರ್‌ನನ್ನು ಕೇಳಲು ನಾಚಿ ಅಪ್ಪನಿಗೆ ಫೋನ್ ಮಾಡಿದ್ದ.

ಮೈದಾನದ ಕೆಲಸಗಳನ್ನು ವಿವರಿಸುವ ಅಗತ್ಯವಿಲ್ಲ: ಹಲಗೆ, ಹಗ್ಗ, ಪೀಪಾಯಿ, ದಾಟಬೇಕಾದ ಗೆರೆ. ಎಂಟ್ಹತ್ತು ಮಂದಿ ಒಟ್ಟಿಗೆ ‘ನನ್ನ ಮಾತು ಕೇಳಿ’ ಎಂದಾಗ ಕೇಳುವವನು ಯಾರೆಂಬುದೇ ಅಲ್ಲಿನ ಪರೀಕ್ಷೆ.

ಸಂದರ್ಶನದ ಕೋಣೆಯಲ್ಲಿ ಪ್ರಶ್ನೆಗಳು ಸರಮಾಲೆಯಾಗಿ ಬರುತ್ತವೆ: ಒಂಬತ್ತನೇ ತರಗತಿಯಿಂದ ಅಂಕಗಳು, ಇಷ್ಟದ ಶಿಕ್ಷಕರು, ಇಷ್ಟವಿಲ್ಲದವರು, ಯಾಕೆ, ಗೆಳೆಯರು ಯಾರು, ಅವರಲ್ಲಿ ಹತ್ತಿರದವರು ಯಾರು, ಅವರಿಗೆ ನಿಮ್ಮಲ್ಲಿ ಹಿಡಿಸದ್ದು ಏನು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕೇಳಿ ಅಧಿಕಾರಿ ಸುಮ್ಮನಾಗುತ್ತಾರೆ. ಉರು ಹೊಡೆದ ಉತ್ತರಗಳು ಇಲ್ಲಿ ಸಾಲುತಪ್ಪಿ ಬೀಳುತ್ತವೆ. ಏಳನೆಯ ಪ್ರಶ್ನೆ ಮರೆತ ಹುಡುಗ, “ಸರ್, ಅದನ್ನು ಮತ್ತೊಮ್ಮೆ ಕೇಳುತ್ತೀರಾ?” ಎನ್ನುತ್ತಾನೆ. ಮೂರು ವರ್ಷದ ತಯಾರಿಯಲ್ಲಿ ಯಾರೂ ಕಲಿಸದ ವಾಕ್ಯ ಅದೊಂದೇ. ಅಧಿಕಾರಿ ಪೆನ್ನು ಕೈಗೆತ್ತಿಕೊಳ್ಳುವುದೂ ಹೆಚ್ಚಾಗಿ ಆಗಲೇ.

ಕೊನೆಯ ದಿನ ಎಲ್ಲ ಅಧಿಕಾರಿಗಳೂ ಒಟ್ಟಿಗೆ ಕೂತು ಒಬ್ಬೊಬ್ಬರನ್ನು ಕರೆಯುತ್ತಾರೆ. ‘ಊಟ ಹೇಗಿತ್ತು? ಗೆಳೆಯರಾದರೇ?’ ಎಂಬ ಒಂದೆರಡು ಮಾತು. ಹುಡುಗರು ಈ ಮಾತುಗಳ ಮೇಲೆ ಗಂಟೆಗಟ್ಟಲೆ ವ್ಯಾಖ್ಯಾನ ಬರೆಯಬಲ್ಲರು: ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದರು, ಅವನನ್ನು ಬೇಗ ಬಿಟ್ಟರು, ಇದರರ್ಥವೇನು? ಅನಂತರ ಎದೆಗೆ ಕಟ್ಟಿದ ಸಂಖ್ಯೆಗಳನ್ನಷ್ಟೇ ಕೂಗುತ್ತಾರೆ. ಮೊದಲ ಸಲ ಬಂದವರಿಗೆ ಪ್ರಯಾಣಭತ್ಯೆ ಉಂಟು. ಮತ್ತೆ ಬಂದ ‘ರಿಪೀಟರ್’ಗಳದು ಸ್ವಂತ ಖರ್ಚು.

ಶಿಫಾರಸಾದವರಿಗೆ ಉಳಿದದ್ದು ವೈದ್ಯಕೀಯ ತಪಾಸಣೆ. ಐದು ದಿನ ಮನಸ್ಸಿನ ಮೂಲೆಮೂಲೆ ಶೋಧಿಸಿಕೊಂಡು ಪಾಸಾದವನು ಇಲ್ಲಿ ಕಿವಿಯ ಗುಗ್ಗೆಯಿಂದಾಗಿ ತಾತ್ಕಾಲಿಕವಾಗಿ ಅನರ್ಹನಾಗುವುದು ಸಾಮಾನ್ಯ ಸಂಗತಿ. ಅದಕ್ಕೆ 42 ದಿನಗಳೊಳಗೆ ಮರುತಪಾಸಣೆಯುಂಟು. ಕಿವಿ ಚೊಕ್ಕಟವಾದ ಮೇಲೆ ಎರಡೂ 900ಗಳನ್ನು ಕೂಡಿಸಿ ಅಂತಿಮ ಪಟ್ಟಿ ಹೊರಡುತ್ತದೆ, ಸೀಟು ಇದ್ದಷ್ಟು ಹೆಸರಿಗೆ ಕರೆ ಬರುತ್ತದೆ. ಉಳಿದವರು ಹತ್ತೊಂಬತ್ತೂವರೆ ವಯಸ್ಸಿನವರೆಗೆ, ವರ್ಷಕ್ಕೆರಡು ಸಲ ನಡೆಯುವ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಬಹುದು. ವಯಸ್ಸು ದಾಟಿದರೆ ಪದವಿ ಮುಗಿಸಿ, ಪದವೀಧರರನ್ನು ಸೇನಾಧಿಕಾರಿಗಳಾಗಿ ಆರಿಸುವ ಸಿಡಿಎಸ್ ಪರೀಕ್ಷೆ ಬರೆಯಬಹುದು. ಅಲ್ಲೂ ಐದು ದಿನ, ಅಂಥದೇ ಮಬ್ಬು ಚಿತ್ರ, ಅದೇ ರೈಲಿಗೆ ಅದೇ ಕಳ್ಳರು.