ಮಗನ ಹೆಸರಿನಲ್ಲಿ ಒಂದು ಬಗ್ಗಿ

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಮಗನಿಗೆ ಐದು ತುಂಬಿತೆಂದರೆ ಅಪ್ಪನಿಗೆ ಆಟದ ಸಾಮಾನು ಬೇಕಾಗುತ್ತದೆ. ಮಗ ಕೇಳಿದ್ದು ಬಲೂನು. ಅಪ್ಪ ರಾತ್ರಿಯೆಲ್ಲ ಹುಡುಕುವುದು ರಿಮೋಟಿನಲ್ಲಿ ಓಡುವ ಆಫ್‌ರೋಡ್ ಬಗ್ಗಿ. ‘ಮಗುವಿನ ಮೋಟರ್ ಸ್ಕಿಲ್ಸ್ ಬೆಳೆಯುತ್ತೆ ಕಣೇ’ ಎಂದು ಹೆಂಡತಿಗೆ ಸಮಜಾಯಿಷಿ ಬೇರೆ. ಯಾರ ಮೋಟರು, ಯಾರ ಸ್ಕಿಲ್ಲು ಎಂದು ಆಕೆ ಕೇಳುವುದಿಲ್ಲ. ಆಕೆಗೆ ಗೊತ್ತು.

ನಮ್ಮ ಬಾಮೈದನೂ ಇದೇ ಕುಲದವನು. ಐಟಿಪಿಎಲ್ ಕಡೆ ಕೆಲಸ. ಬಗ್ಗಿಗೆಂದೇ ಎಕ್ಸೆಲ್ ಶೀಟು ಮಾಡಿಕೊಂಡಿದ್ದಾನೆ. ಬ್ರಶ್ ಮೋಟರೋ ಬ್ರಶ್‌ಲೆಸ್ಸೋ, ಎರಡು ಚಕ್ರಕ್ಕೆ ಎಳೆತವೋ ನಾಲ್ಕಕ್ಕೋ, ಬ್ಯಾಟರಿಗೆ ಎರಡು ಸೆಲ್ಲೋ ಮೂರೋ! ಇವನಿಗೆ ಹೆಣ್ಣು ನೋಡಲು ನಾವು ಅರಸೀಕೆರೆಗೆ ಹೋದಾಗ ಇಷ್ಟು ಕಾಲಂ ಇರಲಿಲ್ಲ.

ಎರಡು ಸಾವಿರದ ಕಾರು ಅವನಿಗೆ ಬೇಡ. ಅದು ಸರಿಯೇ. ಅದರಲ್ಲಿ ಸ್ಟಿಯರಿಂಗ್ ಎಂದರೆ ಪೂರ್ತಿ ಎಡ ಇಲ್ಲವೇ ಪೂರ್ತಿ ಬಲ, ನಡುವೆ ಏನೂ ಇಲ್ಲ. ಒಳಗೊಂದು ಹಲ್ಲು ಮುರಿದರೆ ಸೀದಾ ಕಸದ ಬುಟ್ಟಿ. ಐವತ್ತು ಸಾವಿರದ್ದಕ್ಕೆ ಮನೆಯವಳು ಬಿಡುವುದಿಲ್ಲ. ಉಳಿದದ್ದು ನಡುವಿನದು, ಹತ್ತರಿಂದ ಇಪ್ಪತ್ತು ಸಾವಿರ. ಆ ದುಡ್ಡಿಗೆ ಎಲ್ಲರೂ ಹೇಳುವ ಹೆಸರು ಚೀನಾದ ಡಬ್ಲ್ಯೂಎಲ್‌ಟಾಯ್ಸ್ 144001. ನಿಜವಾದ ಬಗ್ಗಿಯ ಹದಿನಾಲ್ಕನೇ ಒಂದರಷ್ಟು ಗಾತ್ರ, ನಾಲ್ಕೂ ಚಕ್ರಕ್ಕೆ ಎಳೆತ, ಲೋಹದ ಷಾಸಿ. ಇನ್ನೊಂದು ಜಪಾನಿನ ತಮಿಯಾ ಕಂಪನಿಯ ಹಾರ್ನೆಟ್. 1984ರ ಮಾಡೆಲ್ಲು, ಈಗಲೂ ಮತ್ತೆ ಮತ್ತೆ ತಯಾರಾಗಿ ಬರುತ್ತಲೇ ಇದೆ. ಆದರೆ ಡಬ್ಬ ತೆರೆದರೆ ಕಾರೇ ಇರುವುದಿಲ್ಲ. ಬಿಡಿಬಿಡಿ ಭಾಗಗಳು, ಒಂದು ಕೈಪಿಡಿ, ಅಷ್ಟೇ. ರಿಮೋಟು, ಬ್ಯಾಟರಿ, ಚಾರ್ಜರು ನೀವೇ ತಂದುಕೊಳ್ಳಬೇಕು. ಜೋಡಿಸುವ ಸುಖವೇ ಬೇಕೆನ್ನುವವರಿಗೆ ಅದು. ಅಮೆರಿಕದ ಟ್ರಾಕ್ಸಸ್ ಬ್ಯಾಂಡಿಟ್ ನೋಡಿ ಜೊಲ್ಲು ಸುರಿಸಬಹುದು. ನೋಡುವುದಕ್ಕೆ ಸುಂಕವಿಲ್ಲ.

ಕೊಳ್ಳುವುದಕ್ಕೆ ಇದೆ. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70ಕ್ಕೆ ಏರಿತು. ‘ಇದು ಆಟಿಕೆ ಅಲ್ಲ ಭಾವ, ಹಾಬಿ’ ಎಂದು ನನ್ನ ಹತ್ತಿರ ವಾದಿಸಿ ಏನು ಪ್ರಯೋಜನ? ಕಸ್ಟಮ್ಸಿನವರ ಹತ್ತಿರ ಹೇಳಲಿ. ಸ್ವದೇಶಿಯೇ ಬೇಕೆಂದರೆ ಚನ್ನಪಟ್ಟಣದ ಮರದ ಗಾಡಿ ಇದೆ. ಬ್ಯಾಟರಿ ಬೇಡ, ಚಾರ್ಜು ಬೇಡ, ಎಕ್ಸೆಲ್ಲೂ ಬೇಡ.

ಇವನ ಶೀಟಿನಲ್ಲಿ ಮೊದಲ ಕಾಲಂ ವೇಗದ್ದು. 144001 ಗಂಟೆಗೆ 60 ಕಿಲೋಮೀಟರ್ ಓಡುತ್ತದೆ ಎನ್ನುತ್ತಾರೆ ಮಾಡಿದವರು. ಮಾರತಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ ಸಂಜೆ ಕಾರಿನಲ್ಲಿ ಕೂತು ಹೋಗುವವನಿಗೆ 60 ಎಂದರೆ ಮೈ ಜುಮ್ಮೆನ್ನುವುದು ಸಹಜ. ಆದರೆ ಓಡಿಸುವುದೆಲ್ಲಿ? ಬೇಸ್‌ಮೆಂಟಿನಲ್ಲಿ ಎರಡು ಎಣಿಸುವಷ್ಟರಲ್ಲಿ ಕಂಬ. ಲಾನಿನಲ್ಲಿ ಬಗ್ಗಿಯ ಹೊಟ್ಟೆ ನೆಲಕ್ಕೆ ಹತ್ತಿರ. ಹುಲ್ಲು ಆಕ್ಸಲಿಗೆ ಸುತ್ತಿಕೊಳ್ಳುತ್ತದೆ. ಉಳಿದದ್ದು ಪಕ್ಕದ ಖಾಲಿ ಸೈಟು: ಕೆಮ್ಮಣ್ಣು, ಜಲ್ಲಿ, ಅರ್ಧ ಹೂತ ಸಿಮೆಂಟು ಚೀಲ. ಅಲ್ಲಿ ಅರ್ಧ ವೇಗವೇ ಧಾರಾಳ. ಬ್ಯಾಟರಿಯೂ ಅಷ್ಟೇ, ಜೊತೆಗೆ ಬರುವ ಯುಎಸ್‌ಬಿ ಚಾರ್ಜರಿನಲ್ಲಿ ಎರಡು ಮೂರು ಗಂಟೆ ಕುಡಿದು ಹತ್ತು ಹದಿನೈದು ನಿಮಿಷ ಓಡುತ್ತದೆ. ಅದು ಲಿಪೋ ಬ್ಯಾಟರಿ, ಚಾರ್ಜಿಗೆ ಹಾಕಿ ನಿದ್ದೆ ಹೋಗಬೇಡಿ. ಉಬ್ಬಿದ್ದನ್ನು ಮತ್ತೆ ಮುಟ್ಟಬೇಡಿ. ಇದೊಂದು ಮಾತು ಮಾತ್ರ ತಮಾಷೆಗಲ್ಲ.

ನಾನು ಹೇಳಿದೆ: ವೇಗದ ಕಾಲಂ ಅಳಿಸು ಮಾರಾಯ, ಬದನೆಕಾಯಿ ಆರಿಸುವಂತೆ ತಿರುಗಿಸಿ ನೋಡು. ಮುಂದಿನ ಚಕ್ರ ಹಿಡಿದು ಅಲ್ಲಾಡಿಸು, ಲೊಡಲೊಡ ಎನ್ನುತ್ತದೆಯೇ? ಮೋಟರಿನ ಪುಟ್ಟ ಗೇರು, ಅದು ತಿರುಗಿಸುವ ದೊಡ್ಡ ಗೇರು, ಎರಡರ ನಡುವೆ ಎಷ್ಟು ಸಂದು? ಬಿಗಿಯಾದರೆ ಮೋಟರು ಕಾಯುತ್ತದೆ, ಸಡಿಲವಾದರೆ ಹಲ್ಲು ಸವೆಯುತ್ತದೆ. ಬಿಎಂಟಿಸಿ ಟಿಕೇಟನ್ನು ಎರಡರ ನಡುವೆ ತೂರಿಸಿ, ಮೋಟರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡು. ಆಮೇಲೆ ಗೇರು ತಿರುಗಿಸಿ ಟಿಕೇಟನ್ನು ಹೊರಗೆ ಬಿಡು. ಅದು ಹರಿಯದೆ, ಹಲ್ಲಿನ ಗುರುತು ಮೂಡಿಸಿಕೊಂಡು ಹೊರಬಂದರೆ ಸಂದು ಸರಿಯಾಗಿದೆ.

ಎಲ್ಲಕ್ಕಿಂತ ಮುಖ್ಯ, ಬಿಡಿಭಾಗ. ಬಗ್ಗಿಯಲ್ಲಿ ಮೊದಲು ಹೋಗುವುದು ಮುಂದಿನ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮು. ಅದಿಲ್ಲದೆ ಬಗ್ಗಿ ಟಿವಿ ಪಕ್ಕದ ಷೋಪೀಸು. ಬಾಮೈದ ಬುದ್ಧಿವಂತ. ‘ಪೀಣ್ಯದಲ್ಲಿ ಮಾಡಿಸಿದರಾಯ್ತು ಭಾವ’ ಅಂದ. ಪೀಣ್ಯ ಎರಡನೇ ಹಂತದಲ್ಲಿ ಶಾಪು ಇಟ್ಟಿರುವ ನನ್ನ ಸ್ನೇಹಿತರು ನಾವು ಮಾದರಿಗೆಂದು ಒಯ್ದ ಆರ್ಮನ್ನು ಬೆಳಕಿಗೆ ಹಿಡಿದು ನೋಡಿದರು.

“ಇದು ಮೋಲ್ಡಿಂಗು ಸ್ವಾಮಿ. ಡೈ ಮಾಡಬೇಕು. ಎಷ್ಟು ಸಾವಿರ ಪೀಸು ಬೇಕು?”

“ಎರಡು ಸಾರ್. ಎಡಗಡೆ ಒಂದು, ಬಲಗಡೆ ಒಂದು.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪಾಪ ಅನ್ನಿಸಿತೇನೋ, ಅಲ್ಯೂಮಿನಿಯಂ ತುಂಡಿನಲ್ಲಿ ಮಿಲ್ಲಿಂಗ್ ಮಾಡಿಕೊಡಬಹುದು, ಜನ್ಮಕ್ಕೆ ಮುರಿಯಲ್ಲ, ಆದರೆ ಮಾಡಿಸಬೇಡಿ ಎಂದರು. ಯಾಕೆ? ಪ್ಲಾಸ್ಟಿಕ್ ಆರ್ಮು ಮುರಿದು ಪೆಟ್ಟು ನುಂಗುತ್ತದೆ. ಅದು ಗಟ್ಟಿಯಾದರೆ ಪೆಟ್ಟು ಹಿಂದಕ್ಕೆ ಹೋಗಿ ಗೇರ್‌ಬಾಕ್ಸಿನ ಮನೆ ಒಡೆಯುತ್ತದೆ. ಮುರಿಯಲೆಂದೇ ಮಾಡಿದ್ದನ್ನು ಮುರಿಯಲು ಬಿಡಿ, ಅದನ್ನೇ ನಾಲ್ಕು ಜೊತೆ ತಂದಿಟ್ಟುಕೊಳ್ಳಿ ಎಂದು ಚಹಾ ತರಿಸಿದರು. ಅವನ ಶೀಟಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಹಾಗಾಗಿ ನನ್ನ ಸಲಹೆ: ಪಕ್ಕದ ಬ್ಲಾಕಿನವರು ಯಾವ ಬಗ್ಗಿ ಕೊಂಡಿದ್ದಾರೋ ಕಣ್ಣುಮುಚ್ಚಿ ಅದನ್ನೇ ಕೊಳ್ಳಿ. ಅವರದಕ್ಕಿಂತ ಒಂದು ಕೈ ಮೇಲಿನದು ತರಬೇಕೆಂಬ ನವೆ ಇರುತ್ತದೆ, ತಡೆದುಕೊಳ್ಳಿ. ಭಾನುವಾರ ಸಂಜೆ ಪಿನ್ನು ಕಳೆದಾಗ ಸಾಲ ಕೊಡುವವರು ಅವರೇ. ಬಾಮೈದನ ಅಪಾರ್ಟ್‌ಮೆಂಟಿನಲ್ಲಿ ಐದು ಜನ ಅಪ್ಪಂದಿರು ಕೊನೆಗೂ ಒಂದೇ ಮಾಡೆಲ್ಲಿಗೆ ಒಪ್ಪಿದ್ದಾರೆ. ಎಲ್ಲರಿಗೂ ಕೆಂಪು, ಐದನೆಯವರಿಗೆ ಮಾತ್ರ ನೀಲಿಯೇ ಆಗಬೇಕಂತೆ. ‘ಹೋಗಲಿ ಸಾರ್, ಮಗನನ್ನೇ ಒಂದು ಮಾತು ಕೇಳಿ’ ಎಂದರೆ, ಮಗ ಈಗ ಮಲಗಿರುತ್ತಾನೆ, ಟೆಕ್ಸಾಸಿನಲ್ಲಿ ಎಂಎಸ್ ಓದುತ್ತಿದ್ದಾನೆ ಎಂದರಂತೆ.