ರಾಯರ ಗೀಟು

ಟೈಮ್ ಎಷ್ಟಾಯಿತು ಎಂದು ಕೇಳಿದರೆ ರಾಯರು ಜೇಬಿನಿಂದ ಮೊಬೈಲ್ ತೆಗೆದು ನೋಡಿ ಹೇಳುತ್ತಾರೆ. ಎಡಗೈಯಲ್ಲಿ ಲಕ್ಷಗಟ್ಟಲೆ ಬೆಲೆಯ ಸ್ವಿಸ್ ವಾಚಿದೆ. ಅದನ್ನು ಟೈಮ್ ನೋಡುವಂಥ ಚಿಲ್ಲರೆ ಕೆಲಸಕ್ಕೆ ಹಚ್ಚಲು ಅವರಿಗೆ ಮನಸ್ಸಿಲ್ಲ. ಇಂಥ ರಾಯರು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಾದರೂ ಸಿಗುತ್ತಾರೆ. ವಯಸ್ಸು ಐವತ್ತು ದಾಟಿದೆ, ಮನೆ ಸಾಲ ತೀರಿದೆ, ಮಗಳು ಅಮೆರಿಕದಲ್ಲಿದ್ದಾಳೆ, ಡಾಕ್ಟರು ಸಕ್ಕರೆ ಬಿಡಿಸಿದ್ದಾರೆ. ಉಳಿದಿರುವ ಸುಖ ವಾಚೊಂದೇ. ಅದರ ಬೆಲೆಯನ್ನು ಅವರಾಗಿ ಹೇಳುವುದಿಲ್ಲ. ನಾವು ಕೇಳುವ ತನಕ ಬಿಡುವುದೂ ಇಲ್ಲ.

ನಮ್ಮ ಬ್ಲಾಕಿನ ರಾಯರ ವಾಚು ನೀರಿನಲ್ಲಿ 300 ಮೀಟರ್ ಆಳಕ್ಕೆ ಹೋದರೂ ಜಗ್ಗದಂಥದ್ದು. ಊಟವಾದ ಮೇಲೆ ಕೈ ತೊಳೆಯುವಾಗ ಅದನ್ನು ಬಿಚ್ಚಿ ಹೆಂಡತಿಯ ಕೈಗೆ ಕೊಡುತ್ತಾರೆ. ಗ್ಲಾಸು ಕೃತಕ ನೀಲಮಣಿಯದು, ಗಟ್ಟಿತನದಲ್ಲಿ ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆ. ಆದರೂ ಅಂಗಿಯ ಗುಂಡಿ ತಗುಲೀತೆಂದು ಎಡತೋಳನ್ನು ಮೇಲಕ್ಕೆ ಮಡಚಿಟ್ಟಿರುತ್ತಾರೆ. (ವಾಚು ಕಾಣಲಿ ಎಂದೇ ಮಡಚಿದ್ದು ಎನ್ನುವುದು ಮೂರನೇ ಮಹಡಿಯವರ ಕುಹಕ.) ಇಂಥ ಯಂತ್ರ ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಬೀಳುವುದರಿಂದ 6 ಸೆಕೆಂಡ್ ಮುಂದೆ ಓಡುವುದರೊಳಗೆ ಇದ್ದರೆ ಸ್ವಿಟ್ಜರ್ಲೆಂಡಿನ ಸಂಸ್ಥೆಯೊಂದು ಅದಕ್ಕೆ ಕ್ರೋನೋಮೀಟರ್ ಎಂದು ಸರ್ಟಿಫಿಕೇಟು ಕೊಡುತ್ತದೆ. ರಾಯರು ಅದನ್ನು ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ. ಅವರ ಮನೆಗೆಲಸದಾಕೆಯ ಸೆಲ್ಲಿನ ವಾಚು ಇಡೀ ತಿಂಗಳಿಗೆ 15 ಸೆಕೆಂಡ್ ಆಚೀಚೆ ಆದರೆ ಹೆಚ್ಚು. ಪಾಪ, ಅದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲ.

ಇಷ್ಟೆಲ್ಲ ಇದ್ದರೂ ಆ ವಾಚನ್ನು ಒಬ್ಬರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ರಾಯರು ಲಿಫ್ಟಿನಲ್ಲಿ ಕಾಲರ್ ಸರಿಪಡಿಸಿಕೊಳ್ಳುವರು, ಕೂದಲು ನೇವರಿಸುವರು, ಕಾರಣವಿಲ್ಲದೆ ಕೆನ್ನೆ ತುರಿಸಿಕೊಳ್ಳುವರು, ಎಲ್ಲಕ್ಕೂ ಎಡಗೈಯೇ. ಜನ ತಮ್ಮ ತಮ್ಮ ಮೊಬೈಲಿನಲ್ಲಿ ಮುಳುಗಿರುತ್ತಿದ್ದರು. ಮದುವೆಮನೆಯಲ್ಲಿ ಸಾರು ಬಡಿಸುವವನಿಗೆ ಎಡಗೈ ಅಡ್ಡ ಹಿಡಿದು ‘ಸಾಕು’ ಎಂದರೆ, ಅವನು ಕೈ ತಪ್ಪಿಸಿ ಇನ್ನೊಂದು ಸೌಟು ಸುರಿದು ಮುಂದಿನ ಎಲೆಗೆ ಹೋದ.

ಹೀಗಿರುವಾಗ ವಾಚು ಸರ್ವೀಸಿಗೆ ಬಂತು. ಕೆಲವು ವರ್ಷಕ್ಕೊಮ್ಮೆ ಒಳಗಿನ ಮಷೀನ್ ಪೂರ್ತಿ ಬಿಚ್ಚಿ, ತೊಳೆದು, ಹೊಸ ಆಯಿಲ್ ಬಿಟ್ಟು, ನೀರು ತಡೆಯುವ ರಬ್ಬರ್ ಬದಲಿಸಬೇಕಂತೆ. ಗಾಜಿನ ಬಾಗಿಲ ದೊಡ್ಡ ಶೋರೂಮು. ಕೂತ ಕೂಡಲೇ ಕಾಫಿ ಕೊಡುತ್ತಾರೆ, ಆಮೇಲೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುವಷ್ಟು ದುಡ್ಡಿನ ಎಸ್ಟಿಮೇಟ್ ಕೊಡುತ್ತಾರೆ. ವಾರಗಟ್ಟಲೆ ಕಾದು ವಾಚು ಕೈಗೆ ಬಂದ ದಿನ ರಾಯರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಕಣ್ಣಿಗೆ ಒತ್ತಿದರು. ಚೈನನ್ನು ಸಿಕ್ಕಿಸುವ ಲಗ್ಗಿನ ಒಳಮಗ್ಗುಲಲ್ಲಿ ಒಂದು ಗೀಟು! ಚೈನಿನ ಪಿನ್ನು ತೆಗೆಯುವಾಗ ಯಾವನೋ ಅವಸರದಲ್ಲಿ ಟೂಲು ಜಾರಿಸಿದ್ದಾನೆ. ಉದ್ದ ಒಂದು ಎಳ್ಳಿನಷ್ಟು. ಚೈನು ಹಾಕಿದ್ದರೆ ಗೀಟು ಕಾಣುವುದಿಲ್ಲ. ಚೈನು ತೆಗೆದರೆ ವಾಚು ಕಟ್ಟಿಕೊಳ್ಳಲಾಗುವುದಿಲ್ಲ.

“ಒಂದು ಸಲ ಜಾರಿಸಿದ್ದಲ್ಲ ಸಾರ್, ಎರಡು ಸಲ,” ಎಂದರು ನನಗೆ. “ಸರಿಯಾಗಿ ನೋಡಿ, ಪಕ್ಕದಲ್ಲೇ ಇನ್ನೊಂದು ತೆಳ್ಳಗಿದೆ.”

ಅಂದಿನಿಂದ ರಾಯರ ದೆಸೆ ತಿರುಗಿತು. ವಾಚನ್ನು ಚೈನಿನಿಂದ ಬಿಡಿಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಭೂತಗನ್ನಡಿಯ ಸಮೇತ ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದರು. ‘ನನ್ನ ವಾಚು ನೋಡಿ’ ಎಂದು ಯಾರನ್ನೂ ಕರೆಯಲಾಗುವುದಿಲ್ಲ, ಮರ್ಯಾದೆಯ ಪ್ರಶ್ನೆ. ‘ನನಗೆ ಆದ ಅನ್ಯಾಯ ನೋಡಿ’ ಎನ್ನಲು ಯಾವ ಸಂಕೋಚ? ಅಸೋಸಿಯೇಷನ್ ಮೀಟಿಂಗಿನಲ್ಲಿ ಬೋರ್‌ವೆಲ್ ವಿಷಯ ಮುಂದಕ್ಕೆ ಹೋಗಿ ಗೀಟಿನ ವಿಷಯ ಬಂತು. ಗೇಟಿನ ಸೆಕ್ಯೂರಿಟಿ ಹುಡುಗ ಟಾರ್ಚ್ ಬಿಟ್ಟು ನೋಡಿದ.

“ಏನೂ ಕಾಣಿಸ್ತಿಲ್ಲ ಸಾರ್.”

“ಸ್ವಲ್ಪ ಓರೆ ಮಾಡಿ ನೋಡಪ್ಪ.”

“ಹಾಂ ಸಾರ್, ಕಾಣಿಸ್ತು.” ಅವನ ಡ್ಯೂಟಿ ಮುಗಿಯುವ ಹೊತ್ತಾಗಿತ್ತು.

ಶೋರೂಮಿನವರು ವಿನಯವಾಗಿಯೇ ಇದ್ದರು. ವಾಚು ಕೊಡುವಾಗ ರಾಯರು ಸಹಿ ಹಾಕಿದ ಜಾಬ್ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಕೇಸಿನ ಮೇಲೆ ಬಳಕೆಯ ಗುರುತುಗಳಿವೆ’ ಎಂದು ಅಚ್ಚಾಗಿದ್ದನ್ನು ತೋರಿಸಿದರು. ಭೂತಗನ್ನಡಿ ಅವತ್ತೂ ಜೇಬಿನಲ್ಲಿತ್ತು. ಕಾಗದದ ಮೇಲೆ ಅದನ್ನು ಹಿಡಿಯಬೇಕೆಂದು ರಾಯರಿಗೆ ಹೊಳೆದಿರಲಿಲ್ಲ. ವಕೀಲನಾಗಿರುವ ಅಕ್ಕನ ಮಗ ಧೈರ್ಯ ಹೇಳಿದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಇದು ಸೇವಾ ನ್ಯೂನತೆ ಎಂದು ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಟ್ಟರಾಯಿತು, 5 ಲಕ್ಷದವರೆಗೆ ಫೀಸೂ ಇಲ್ಲ.

“5 ಲಕ್ಷದ ಒಳಗೆ ಅಂತ ಬರೆಯಬೇಕೇನೋ?” ರಾಯರ ಮುಖ ಸಣ್ಣಗಾಯಿತು.

“ಅದು ಸರ್ವೀಸಿಗೆ ಕೊಟ್ಟ ದುಡ್ಡಿನ ಲೆಕ್ಕ ಮಾಮ. ವಾಚಿನ ಬೆಲೆ ಅಲ್ಲ.”

“ಹಾಗಾದರೆ ವಾಚಿನ ಬೆಲೆ ಎಲ್ಲೂ ಬರೆಯೋಕೆ ಬರಲ್ವಾ?”

ದೂರಿನ ಮಾತು ಅಲ್ಲಿಗೇ ತಣ್ಣಗಾಯಿತು. ಬದಲಿಗೆ ತಜ್ಞರ ಅಭಿಪ್ರಾಯ ಬೇಕೆಂದು ಅವೆನ್ಯೂ ರಸ್ತೆಯಲ್ಲಿ ಮೆಟ್ಟಿಲ ಕೆಳಗೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ವಾಚ್ ರಿಪೇರಿಯವರ ಹತ್ತಿರ ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡರು. ಬರೀ ಅಭಿಪ್ರಾಯ ಕೇಳಿದರೆ ಚೆನ್ನಾಗಿರುವುದಿಲ್ಲವೆಂದು ತಂದೆಯ ಕಾಲದ ಎಚ್‌ಎಂಟಿ ಜನತಾವನ್ನೂ ತಂದಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಕೈಜೋಡಿಸಿ ಬೆಂಗಳೂರಿನಲ್ಲೇ ವಾಚು ಮಾಡಲು ಹೊರಟ ಎಚ್‌ಎಂಟಿಯದು. ಅದರ ವಾಚ್ ಕಂಪನಿಗೆ 2016ರಲ್ಲಿ ಸರ್ಕಾರವೇ ಮಂಗಳ ಹಾಡಿದರೂ ಕೀ ಕೊಟ್ಟರೆ ಈ ವಾಚು ಇವತ್ತೂ ಓಡುತ್ತದೆ.

ಯಜಮಾನರು ಸ್ವಿಸ್ ವಾಚನ್ನು ತಿರುಗಿಸಿ ನೋಡಿದರು. “ಗೀಟು ಬಿದ್ದಿದೆ, ಹೌದು. ಕೆಲಸ ಗೊತ್ತಿದ್ದವನು ಅಲ್ಲಿಗೆ ಮೊದಲು ಟೇಪ್ ಅಂಟಿಸಿಕೊಳ್ತಾನೆ. ಟೈಮು ಸರಿಯಾಗಿ ತೋರಿಸುತ್ತಲ್ಲ ಸಾರ್?”

“ಟೈಮಿಗೆ ಮೊಬೈಲ್ ಇದೆಯಲ್ರೀ!”

ಅವರು ಮಾತಾಡದೆ ಜನತಾದ ಬ್ಯಾಕ್ ಕವರ್ ಎಬ್ಬಿಸಿದರು. ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ಗೀಚಿದ ಪುಟ್ಟ ಪುಟ್ಟ ಅಕ್ಷರ, ತಾರೀಖು. ಹಳೇ ರಿಪೇರಿಯವರು ಸರ್ವೀಸ್ ಮಾಡಿದಾಗಲೆಲ್ಲ ಹೀಗೆ ತಮ್ಮ ಗುರುತು ಹಾಕಿಡುತ್ತಿದ್ದರು. ಒಂದು ಗೀಚಿನ ಮೇಲೆ ಚಿಮಟ ಇಟ್ಟು ಯಜಮಾನರು, “ಇದು ನಮ್ಮಪ್ಪನ ಅಕ್ಷರ,” ಎಂದರು.

ರಾಯರು ಭೂತಗನ್ನಡಿ ಹಿಡಿದು ಎಲ್ಲವನ್ನೂ ಓದಿದರು. “ಇಷ್ಟೊಂದು ಗೀಟು! ಛೆ, ನಮ್ಮಪ್ಪ ಯಾರ ಹತ್ತಿರವೂ ಒಂದು ಮಾತು ಹೇಳಲಿಲ್ಲವಲ್ಲ,” ಎಂದು ನೊಂದುಕೊಂಡರು.

ಅಷ್ಟರಲ್ಲಿ ಶೋರೂಮಿನವರು ಮಾಡಬಾರದ ಕೆಲಸ ಮಾಡಿಬಿಟ್ಟರು. ರಾಯರ ಇಮೇಲುಗಳಿಗೆ ಬೇಸತ್ತು ಕ್ಷಮೆ ಕೇಳಿದರು, ವಾಚನ್ನು ತರಿಸಿಕೊಂಡು ಬಿಟ್ಟಿಯಾಗಿ ಪಾಲಿಶ್ ಮಾಡಿ ಕಳಿಸಿದರು. ಗೀಟು ಮಾಯ. ಎಲ್ಲರೂ ಶುಭಾಶಯ ಹೇಳಿದರು. ರಾಯರು ಮಾತ್ರ ಕಳೆಗುಂದಿದರು. ಲಿಫ್ಟಿನಲ್ಲಿ ಮತ್ತೆ ಕೆನ್ನೆ ತುರಿಸಿಕೊಳ್ಳುವುದು ಶುರುವಾಯಿತು. “ಈಗ ಹೇಗಿದೆ ವಾಚು?” ಎಂದರೆ “ಇದೆ” ಎನ್ನುವರು. ಅವರ ಶ್ರೀಮತಿಯವರು ನನ್ನಾಕೆಯ ಹತ್ತಿರ, “ಊಟಾನೇ ಸೇರ್ತಿಲ್ಲ ಕಣ್ರೀ,” ಎಂದರಂತೆ.

ಮೊನ್ನೆ ಭಾನುವಾರ ಇನ್ನೂ ಹಾಲಿನವನು ಬಂದಿರಲಿಲ್ಲ, ಫೋನು ಬಂತು. ರಾಯರ ದನಿಯಲ್ಲಿ ಹಬ್ಬದ ಸಡಗರ.

“ಸಾರ್, ತಕ್ಷಣ ಬನ್ನಿ, ಕನ್ನಡಕ ತರೋದು ಮರೀಬೇಡಿ. ಪಾಲಿಶ್ ಮಾಡೋ ಭರದಲ್ಲಿ ಕೇಸಿನ ಅಂಚನ್ನೇ ಉಜ್ಜಿ ಮೊಂಡು ಮಾಡಿದಾರೆ! ಒಂದು ಕಡೆ ಅಲ್ಲ, ನಾಲ್ಕೂ ಲಗ್ಗು! ಹೋದ ಲೋಹ ವಾಪಸ್ ಬರುತ್ತಾ ಸಾರ್? ಮೂರನೇ ಮಹಡಿಯವರಿಗೂ ಹೇಳಿದೀನಿ, ಬರ್ತಿದಾರೆ.”

ಹಿಂದಿನಿಂದ ಅವರ ಶ್ರೀಮತಿಯವರ ದನಿ ಕೇಳಿಸಿತು: “ಎಷ್ಟು ಲೋಟ ಕಾಫಿ ಇಡಲಿ, ಮೊದಲು ಕೇಳಿ.”